ಏಳು ಸಾವಿರ ರೂಪಾಯಿ, ನಾಲ್ಕು ತಟ್ಟೆ, ನಮ್ಮತ್ತೆ

ಹೋದ ವರ್ಷ ಯುಗಾದಿ ಮುಗಿದ ವಾರವೇ ನಮ್ಮ ಮನೆಯವರ ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ನಿಲ್ಲಿಸಿದರು. ಕೇಳುವುದಕ್ಕೆ ಸಣ್ಣ ವಿಷಯ. ಆದರೆ ನಮ್ಮಂಥವರಿಗೆ ಸಂಬಳ ಬಾಡಿಗೆ, ಫೀಸು, ಚೀಟಿ ಅಂತ ಐದನೇ ತಾರೀಕಿನೊಳಗೆ ಮುಗಿದುಹೋಗುತ್ತದೆ, ಆಮೇಲೆ ಮನೆ ನಡೆಯುವುದೆಲ್ಲ ಓವರ್‌ಟೈಮ್ ದುಡ್ಡಿನಲ್ಲೇ. ಬಾಡಿಗೆ ಕಮ್ಮಿ ಮಾಡಿ ಅಂತ ಓನರ್‌ಗೆ ಹೇಳುವ ಹಾಗಿಲ್ಲ. ಮಗಳ ಸ್ಕೂಲಿನವರಿಗೆ ಹೇಳುವ ಹಾಗಿಲ್ಲ. ಉಳಿದದ್ದು ಅಡುಗೆಮನೆ ಒಂದೇ. ಗ್ಯಾಸು ಬಿಟ್ಟು ಊಟಕ್ಕೇ ತಿಂಗಳಿಗೆ 11 ಸಾವಿರ ಆಗುತ್ತಿತ್ತು, ಅದನ್ನು 7 ಸಾವಿರಕ್ಕೆ ಇಳಿಸಬೇಕು ಅಂತ ಕೂತು ಬರೆದುಕೊಂಡೆ. ನಾನು ಪೀಣ್ಯ ಕಡೆ ಒಂದು ಸಣ್ಣ ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುವವಳು, ಬರೆಯುವುದು ನನಗೆ ಚೆನ್ನಾಗಿ ಬರುತ್ತದೆ. ಇಳಿಸುವುದು ಹೇಗೆ ಅಂತ ಗೊತ್ತಿರಲಿಲ್ಲ.

ಅದೇ ಹೊತ್ತಿಗೆ ಏಳನೇ ಕ್ಲಾಸಿನ ಮಗಳಿಗೆ ಸ್ಕೂಲಿನಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟರು. ಪರಿಸರಕ್ಕೆ ಭಾರವಾಗದ ಊಟ ಅಂತ ಚಾರ್ಟ್ ಮಾಡಿಕೊಂಡು ಬರಬೇಕು. ಅವಳು ಫೋನ್ ನೋಡಿ ಪಟ್ಟಿ ಮಾಡಿದಳು. ಕಿನೋವಾ, ಬಾದಾಮಿ ಹಾಲು, ಸಾವಯವ ತರಕಾರಿ. ನನಗೂ ಏನೋ ಹುಮ್ಮಸ್ಸು, ಒಂದು ಭಾನುವಾರ ಅವಳನ್ನು ಕರೆದುಕೊಂಡು ಆರ್ಗ್ಯಾನಿಕ್ ಅಂಗಡಿಗೆ ಹೋದೆ. ಅರ್ಧ ಕೆಜಿ ಸಾಮೆ, ಒಂದು ಪ್ಯಾಕೆಟ್ ಕಿನೋವಾ, ಬೆಲ್ಲ, ತೊಗರಿಬೇಳೆ, ಒಂದು ಬಾಟಲಿ ಗಾಣದ ಎಣ್ಣೆ. ಬಿಲ್ಲು 1,380 ರೂಪಾಯಿ. ಆ ಕೈಚೀಲವನ್ನು ಕಿರುಬೆರಳಲ್ಲಿ ನೇತುಹಾಕಿಕೊಂಡು ಬರಬಹುದಿತ್ತು, ಅಷ್ಟು ಹಗುರ.

ಮನೆಗೆ ಬಂದರೆ ಅತ್ತೆ ಕಿನೋವಾ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರು.

"ಇದೇನವ್ವ, ದಂಟಿನ ಬೀಜ ಇದ್ದಂಗದೆ?"

ದಂಟಿನ ಬೀಜ ಅಲ್ಲ, ಇದು ದಕ್ಷಿಣ ಅಮೆರಿಕದ ಪೆರು, ಬೊಲಿವಿಯಾ ಕಡೆ ಬೆಳೆಯೋದು ಅಂತ ಮಗಳು ವಿವರಿಸಿದಳು. ಅಲ್ಲಿಂದ ಇಲ್ಲಿಗೆ ಬಂದದ್ದು ತಿಂದರೆ ಪರಿಸರಕ್ಕೆ ಹೇಗೆ ಒಳ್ಳೆಯದು ಅಂತ ಅತ್ತೆ ಕೇಳಿದ್ದಕ್ಕೆ ಇಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ಈಗ ಕಿನೋವಾವನ್ನು ನಮ್ಮ ದೇಶದಲ್ಲೂ ಅಲ್ಲಲ್ಲಿ ಬೆಳೆಯುತ್ತಾರೆ, ಅದು ಬೇರೆ ಮಾತು. ಆಮೇಲೆ ಹುಡುಕಿ ನೋಡಿದರೆ ಕಿನೋವಾ, ದಂಟು ಎರಡೂ ಒಂದೇ ಕುಟುಂಬದ ಗಿಡಗಳಂತೆ! ನಮ್ಮತ್ತೆ ಓದಿದ್ದು ನಾಲ್ಕನೇ ಕ್ಲಾಸು.

ಅತ್ತೆ ನಾಗಮಂಗಲದ ಕಡೆಯವರು. ನಾನು ಸಾಗರದವಳು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಮುದ್ದೆ ನುಂಗುವುದಕ್ಕೆ ಬರುತ್ತಿರಲಿಲ್ಲ. ಅಗಿಯುತ್ತಿದ್ದೆ. ಮುದ್ದೆ ಅಗಿದರೆ ಏನಾಗುತ್ತದೆ ಅಂತ ತಿಂದವರಿಗೇ ಗೊತ್ತು, ಬಾಯಿತುಂಬಾ ಅಂಟು. ಹಾಗಾಗಿ ನಮ್ಮ ಮನೆಯಲ್ಲಿ ಎಷ್ಟೋ ವರ್ಷದಿಂದ ಎರಡು ಅಡುಗೆ ನಡೆದಿತ್ತು. ಅತ್ತೆಗೂ ಇವರಿಗೂ ಮುದ್ದೆ, ನನಗೂ ಮಗಳಿಗೂ ಅನ್ನ, ನಡುನಡುವೆ ಸಂಜೆಗೆ ನೂಡಲ್ಸು, ವಾರಕ್ಕೊಮ್ಮೆ ಹೊರಗಿನಿಂದ ತರಿಸುವುದು. 11 ಸಾವಿರ ಹೋಗುತ್ತಿದ್ದದ್ದು ಹೀಗೆ.

"ಹಿಟ್ಟು ಮಾಡ್ಕೊಂಡ್ರೆ ಯಾಕವ್ವ ದುಡ್ಡು ಹಾಳಾಗ್ತದೆ" ಅಂದರು ಅತ್ತೆ. ಅವರ ಕಡೆ ಮುದ್ದೆಗೆ ಹಿಟ್ಟು ಅಂತಲೇ ಹೇಳುವುದು.

ಸರಿ, ರಾಗಿಯಿಂದ ಶುರು ಮಾಡಿದೆವು. 2025-26ಕ್ಕೆ ಕೇಂದ್ರ ಸರ್ಕಾರ ರಾಗಿಗೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ, ಅಂದರೆ ಕೆಜಿಗೆ 49ರ ಹತ್ತಿರ. ನಮ್ಮ ಏರಿಯಾದ ಮಿಲ್ಲಿನಲ್ಲಿ ರಾಗಿ ಕೊಂಡು, ಕ್ಲೀನ್ ಮಾಡಿಸಿ, ಬೀಸಿಸಿದರೂ ಅದಕ್ಕಿಂತ ಬಹಳ ಜಾಸ್ತಿ ಏನೂ ಆಗುವುದಿಲ್ಲ. ಅದೇ ರಾಗಿ ಬಿಸ್ಕತ್ತು ಅಂತ ಚಂದದ ಡಬ್ಬದಲ್ಲಿ ಮಾರುತ್ತಾರಲ್ಲ, ಕೆಜಿ ಲೆಕ್ಕ ಹಾಕಿ ನೋಡಿ, ತಲೆ ತಿರುಗುತ್ತದೆ. ಹಿಂದೆ ತಿರುಗಿಸಿ ಓದಿದರೆ ಎಷ್ಟೋ ಸಲ ಮೊದಲ ಹೆಸರು ಮೈದಾದ್ದೇ ಇರುತ್ತದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಮಾಡಿದ ಮೇಲೆ ಸಾಮೆ, ನವಣೆ, ಊದಲು ಎಲ್ಲಾ ಅಂಗಡಿಯ ಮುಂದಿನ ಸಾಲಿಗೆ ಬಂದವು. ಒಳ್ಳೆಯದೇ. ಆದರೆ ನಮ್ಮ ಜೇಬಿಗೆ ಅವು ಹಬ್ಬದ ಅಡುಗೆ ಅಷ್ಟೇ, ದಿನದ ಊಟಕ್ಕೆ ರಾಗಿಯೇ ಸಾಕು. ಇಡೀ ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯದಲ್ಲಿ ಇದ್ದುಕೊಂಡು ಬೇರೇನೋ ಹುಡುಕುವುದು ಯಾಕೆ?

ನೀರಿನ ವಿಷಯವೂ ಇದೆ. ಒಂದು ಕೆಜಿ ಅಕ್ಕಿ ಬೆಳೆಯುವುದಕ್ಕೆ ಸಾವಿರಾರು ಲೀಟರ್ ನೀರು ಬೇಕು, ಗದ್ದೆಯಲ್ಲಿ ನೀರು ನಿಂತಷ್ಟು ದಿನವೂ ಮಣ್ಣಿನಿಂದ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಹೊರಗೆ ಬರುತ್ತಿರುತ್ತದೆ. ರಾಗಿ ಬಹುಪಾಲು ಮಳೆ ನಂಬಿಕೊಂಡೇ ಆಗುವ ಬೆಳೆ. 2023ರಲ್ಲಿ ಮಳೆ ಕೈಕೊಟ್ಟು, ಕಾವೇರಿ ಗಲಾಟೆಯಾಗಿ, ಸೆಪ್ಟೆಂಬರಿನಲ್ಲಿ ಬೆಂಗಳೂರು ಬಂದ್ ಆಯಿತಲ್ಲ, ಆ ವರ್ಷ ಅತ್ತೆಯ ಅಣ್ಣನ ಹೊಲದಲ್ಲಿ ರಾಗಿ ಅರ್ಧಕ್ಕರ್ಧ ಬಂತು. ಅರ್ಧವಾದರೂ ಬಂತು ನೋಡಿ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ರಾಗಿ ನಮ್ಮದು, ದೇಸಿ, ಬೇರೆಯದೆಲ್ಲ ಪರದೇಸಿ ಅಂತ ಭಾಷಣ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ರಾಗಿಯ ತವರೂ ಪೂರ್ವ ಆಫ್ರಿಕಾವೇ, ಸಾವಿರಾರು ವರ್ಷದ ಹಿಂದೆ ಬಂದು ನಮ್ಮದಾಯಿತು. ಸಾಲದ್ದಕ್ಕೆ ಮಂಡ್ಯದ ವಿ.ಸಿ. ಫಾರ್ಮ್ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಲ್ಲಿಯ ರಾಗಿಗೂ ಆಫ್ರಿಕಾದ ರಾಗಿಗೂ ಕ್ರಾಸ್ ಮಾಡಿ ಹೊಸ ತಳಿಗಳನ್ನು ತಂದರು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ಇಂಡಾಫ್. ಅತ್ತೆಗೆ ಲಕ್ಷ್ಮಣಯ್ಯನವರು ಯಾರು ಅಂತ ಗೊತ್ತಿಲ್ಲ, ಆದರೆ "ಇಂಡಾಫು ಬಂದ್ಮೇಲೆ ನಮ್ಮನೇಲಿ ಹೊಟ್ಟೆ ತುಂಬ ಹಿಟ್ಟು" ಅಂತ ಈಗಲೂ ಹೇಳುತ್ತಾರೆ.

ಇನ್ನು ಬಸ್ಸಾರು. ದುಡ್ಡು ಉಳಿಸುವ ಅಡುಗೆ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಇದೊಂದನ್ನೇ ಹೇಳುವುದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಗೊತ್ತಿರುವವರು ಮುಂದೆ ಹೋಗಿ. ರಾತ್ರಿ ಒಂದು ಪಾವು ಅಲಸಂದೆ ಕಾಳು ನೆನೆಹಾಕಬೇಕು. ನೆನೆಸದೆ ನೇರ ಕುಕ್ಕರಿಗೆ ಹಾಕಿದರೆ ಗ್ಯಾಸು ದಂಡ. ಬೆಳಿಗ್ಗೆ ಕಾಳನ್ನು ಜಾಸ್ತಿ ನೀರು, ಉಪ್ಪು ಹಾಕಿ ಬೇಯಿಸಿ, ಮುಕ್ಕಾಲು ಬೆಂದಾಗ ಒಂದು ಕಟ್ಟು ದಂಟು, ಒಂದು ಹಿಡಿ ಸಬ್ಬಸಿಗೆ ಸೇರಿಸಬೇಕು. ಬೆಂದ ಮೇಲೆ ತೂತಿನ ತಟ್ಟೆ ಇಟ್ಟು ಬಸಿಯುವುದು. ಕೆಳಗೆ ಇಳಿದ ನೀರೇ ಕಟ್ಟು. ಈಗ ಬಾಣಲೆಯಲ್ಲಿ ಒಂದು ಚಮಚ ಎಣ್ಣೆಗೆ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಧನಿಯಾ, ಹುಣಸೆ, ಸ್ವಲ್ಪ ಕಾಯಿತುರಿ, ಅದರ ಜೊತೆ ಬೆಂದ ಕಾಳು ಸೊಪ್ಪಿನಲ್ಲೇ ಒಂದು ಸೌಟು ತೆಗೆದು ಹಾಕಿ ರುಬ್ಬಬೇಕು. ಆ ಒಂದು ಸೌಟಿನಲ್ಲೇ ಇರುವುದು ಗುಟ್ಟು, ಸಾರು ಮಂದ ಆಗುವುದು ಅದರಿಂದಲೇ. ರುಬ್ಬಿದ್ದನ್ನು ಕಟ್ಟಿಗೆ ಸೇರಿಸಿ ಕುದಿಸಿದರೆ ಸಾರು. ತಟ್ಟೆಯಲ್ಲಿ ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆ, ಒಂದೇ ಉರಿ, ಎರಡು ಅಡುಗೆ. ತರಕಾರಿ ಬೇಯಿಸಿದ ನೀರು ಚೆಲ್ಲಬೇಡಿ, ಸತ್ವ ಹೋಗುತ್ತದೆ ಅಂತ ಡಯಟೀಷಿಯನ್‌ಗಳು ಈಗ ವಿಡಿಯೋ ಮಾಡಿ ಹೇಳುತ್ತಾರೆ, ಇಲ್ಲಿ ಆ ನೀರಿಗಾಗಿಯೇ ಅಡುಗೆ ಹುಟ್ಟಿದೆ.

ಟೊಮೆಟೊ ಹಾಕಲಿಲ್ಲ ಗಮನಿಸಿದಿರಾ? ಅತ್ತೆಯ ಅರ್ಧದಷ್ಟು ಸಾರುಗಳಿಗೆ ಟೊಮೆಟೊ ಬೇಕಾಗಿಯೇ ಇಲ್ಲ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ 100 ದಾಟಿದಾಗ ನಮ್ಮ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು, ಅತ್ತೆಗೆ ಮಾತ್ರ ಲೆಕ್ಕಕ್ಕೇ ಇಲ್ಲ. ಸಾಗರದ ನಮ್ಮಮ್ಮನಿಗೂ ಅಷ್ಟೇ. ಅವರಿಗೆ ಹುಣಸೆ, ಮುರುಗಲು, ವಾಟೆಹುಳಿ, ಅಮಟೆಕಾಯಿ ಇವೆಲ್ಲ ಹುಳಿಗೆ ಇವೆ. ಅಮ್ಮ ವರ್ಷಕ್ಕೊಮ್ಮೆ ಒಂದು ಡಬ್ಬ ವಾಟೆಹುಳಿ ಕಳಿಸುತ್ತಾರೆ, ಅದು ಮುಗಿಯುವುದೇ ಇಲ್ಲ. ಟೊಮೆಟೊ ಅಗ್ಗವಾದಾಗ ಕೋಲಾರದ ಕಡೆ ರೈತರು ರಸ್ತೆಗೆ ಸುರಿಯುತ್ತಾರೆ, ತುಟ್ಟಿಯಾದಾಗ ನಾವು ಅಳುತ್ತೇವೆ, ಆದರೂ ಬೆಳಿಗ್ಗೆಯಿಂದ ರಾತ್ರಿವರೆಗೆ ಎಲ್ಲದಕ್ಕೂ ಟೊಮೆಟೊ ಹಿಚುಕುವುದನ್ನು ಮಾತ್ರ ಬಿಡುವುದಿಲ್ಲ.

ರೇಷನ್ ಅಕ್ಕಿ ಬಗ್ಗೆಯೂ ಹೇಳಬೇಕು, ಯಾಕೆಂದರೆ ಇಂಥ ವಿಷಯ ಬರೆಯುವವರು ಸಾಮಾನ್ಯವಾಗಿ ಅದನ್ನು ಮುಟ್ಟುವುದೇ ಇಲ್ಲ. ಅನ್ನಭಾಗ್ಯದ ಅಕ್ಕಿ ನಮಗೂ ಬರುತ್ತದೆ. ನಮ್ಮ ಬೀದಿಯಲ್ಲಿ ತಿಂಗಳಿಗೊಮ್ಮೆ ಮೊಪೆಡ್‌ನಲ್ಲಿ ಒಬ್ಬ ಬರುತ್ತಾನೆ, ರೇಷನ್ ಅಕ್ಕಿ ಕೊಂಡುಕೊಳ್ಳುವುದಕ್ಕೆ. ಮಾರಬಾರದು ಅಂತ ಎಲ್ಲರಿಗೂ ಗೊತ್ತು. ಆದರೂ ಕೊಟ್ಟು, ಮೇಲೆ ದುಡ್ಡು ಹಾಕಿ ಸೋನಾ ಮಸೂರಿ ತರುತ್ತಾರೆ. ಒಂದೆರಡು ಸಲ ನಾನೂ ಕೊಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ. ಅನ್ನ ಸ್ವಲ್ಪ ದಪ್ಪ, ಮಗಳು ಮುಖ ಸಿಂಡರಿಸುತ್ತಿದ್ದಳು. ಇನ್ನೊಂದು ಅನುಮಾನವೂ ಇತ್ತು. ಅಕ್ಕಿ ತೊಳೆಯುವಾಗ ಕೆಲವು ಕಾಳು ಮೇಲೆ ತೇಲುತ್ತಿದ್ದವು, ಬಣ್ಣವೂ ಒಂಚೂರು ಬೇರೆ. ಪ್ಲಾಸ್ಟಿಕ್ ಅಕ್ಕಿ ಅಂತ ವಾಟ್ಸಾಪಿನಲ್ಲಿ ವಿಡಿಯೋ ಓಡಾಡುತ್ತಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ಕೂತು ಅವನ್ನು ಒಂದೊಂದಾಗಿ ಆರಿಸಿ ತೆಗೆದು ಕಾಗದದ ಮೇಲೆ ಗುಡ್ಡೆ ಹಾಕುತ್ತಿದ್ದರು.

ಅವು ಸಾರವರ್ಧಿತ ಅಕ್ಕಿ ಕಾಳುಗಳು. ಅಕ್ಕಿ ಹಿಟ್ಟಿಗೇ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಯ ಆಕಾರಕ್ಕೆ ತಂದು, 100 ಕೆಜಿಗೆ 1 ಕೆಜಿಯಂತೆ ಬೆರೆಸುತ್ತಿದ್ದರು. ಅಂದರೆ ಅತ್ತೆ ಅಷ್ಟು ಕಷ್ಟಪಟ್ಟು ಆರಿಸಿ ಬಿಸಾಡುತ್ತಿದ್ದದ್ದು ನಮ್ಮ ರಕ್ತಹೀನತೆಗೆ ಅಂತ ಹಾಕಿದ ಕಾಳುಗಳನ್ನೇ! ಇದು ಗೊತ್ತಾದ ಮೇಲೆ ಮಾರುವುದು ನಿಂತಿತು. ಈಗ ಅದೇ ಅಕ್ಕಿಯಲ್ಲಿ ದೋಸೆ, ಇಡ್ಲಿ, ರೊಟ್ಟಿ. ದೋಸೆಗಂತೂ ಅದೇ ಚೆನ್ನ, ಸೋನಾ ಮಸೂರಿಯಲ್ಲಿ ಆ ಗರಿ ಬರುವುದಿಲ್ಲ. ದಕ್ಷಿಣದ ಜಿಲ್ಲೆಗಳಲ್ಲಿ ರೇಷನ್ನಿನಲ್ಲಿ ರಾಗಿಯನ್ನೂ ಕೊಡುತ್ತಾರೆ, ಬಂದ ತಿಂಗಳು ನಮಗೆ ಹಬ್ಬ.

ಸೊಪ್ಪು, ತರಕಾರಿಗೆ ವಾರಕ್ಕೊಂದು ದಿನ ಬೆಳಿಗ್ಗೆ ಬೇಗ ಎದ್ದು ಕೆ.ಆರ್. ಮಾರ್ಕೆಟ್ಟಿಗೆ ಹೋಗುತ್ತೇನೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತಲ್ಲ, ಅದಿಲ್ಲದಿದ್ದರೆ ಸುಂಕದಕಟ್ಟೆಯಿಂದ ಹೋಗಿ ಬರುವ ಬಸ್ ಚಾರ್ಜಿಗೇ ಉಳಿತಾಯವೆಲ್ಲ ಸರಿಹೋಗುತ್ತಿತ್ತು. ಈ ಫ್ರೀ ಬಸ್ಸನ್ನು ಆಡಿಕೊಳ್ಳುವವರು ನಮ್ಮ ಆಫೀಸಿನಲ್ಲೂ ಇದ್ದಾರೆ. ನನ್ನ ಕೈಚೀಲದಲ್ಲಿರುವ ಬದನೆಕಾಯಿಗೆ ಗೊತ್ತು ಅದರ ಬೆಲೆ.

ಆದರೆ ಸೊಪ್ಪಿನ ವಿಷಯದಲ್ಲಿ ನನಗೆ ಇನ್ನೂ ಸಮಾಧಾನ ಇಲ್ಲ. ಬೆಂಗಳೂರಿನ ಕೊಳಚೆ ಹೊತ್ತು ಹೋಗುವ ವೃಷಭಾವತಿ ನೀರಿನಲ್ಲಿ ಕೆಂಗೇರಿ, ಬಿಡದಿ ಕಡೆ ಸೊಪ್ಪು, ತರಕಾರಿ ಬೆಳೆಯುತ್ತಾರೆ. ಬೆಳೆಯುವವರನ್ನು ಬೈದು ಏನು ಪ್ರಯೋಜನ, ಅವರ ಹೊಲದ ಪಕ್ಕ ಹರಿಯುವುದೇ ಅದು, ಹರಿಸಿದವರು ನಾವು. ಹತ್ತಿರದಲ್ಲಿ ಬೆಳೆದದ್ದನ್ನು ತಿನ್ನಿ ಅಂತ ಪುಸ್ತಕದವರು ಹೇಳುತ್ತಾರೆ, ಹತ್ತಿರದಲ್ಲಿ ಹರಿಯುವ ನೀರು ಹೀಗಿದ್ದರೆ? ನಾನು ಮಾಗಡಿ ಕಡೆಯಿಂದ ಬರುವ ಒಬ್ಬ ಅಜ್ಜಿಯ ಹತ್ತಿರ ತೆಗೆದುಕೊಳ್ಳುತ್ತೇನೆ. ಎಲ್ಲಿಯದಜ್ಜಿ ಸೊಪ್ಪು ಅಂದರೆ "ನಮ್ ತೋಟದ್ದೇ ಕಣವ್ವ, ಬೋರ್‌ವೆಲ್ ನೀರು" ಅನ್ನುತ್ತಾರೆ. ಪಕ್ಕದಲ್ಲಿ ಕೂರುವ ಇನ್ನೊಬ್ಬರೂ ಅದನ್ನೇ ಹೇಳುತ್ತಾರೆ, ಅವರ ಸೊಪ್ಪು ಲಾರಿಯಿಂದ ಇಳಿದದ್ದನ್ನು ನಾನೇ ನೋಡಿದ್ದೇನೆ. ಏನು ಮಾಡುವುದು, ನಂಬಿಕೆ ಮೇಲೆ ತರುವುದು, ಮೂರು ನೀರಿನಲ್ಲಿ ತೊಳೆಯುವುದು. ಎರಡು ಪಾಟ್‌ನಲ್ಲಿ ದೊಡ್ಡಪತ್ರೆ, ಒಂದೆಲಗ ಹಾಕಿದ್ದೇನೆ. ದೊಡ್ಡಪತ್ರೆಯ ನಾಲ್ಕು ಎಲೆ ಬಾಡಿಸಿ, ಜೀರಿಗೆ, ಮೆಣಸು, ಕಾಯಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಒಲೆ ಹಚ್ಚುವುದು ಎರಡು ನಿಮಿಷ. ಬೇಸಿಗೆಯಲ್ಲಿ ವಾರಕ್ಕೆ ಮೂರು ದಿನ ಅದೇ. ಅತ್ತೆ ಮೊದಲು "ತಣ್ಣಗಿನ ಸಾರು" ಅಂತ ಮೂಗು ಮುರಿದರು, ಈಗ ಬಟ್ಟಲಲ್ಲಿ ಕುಡಿಯುತ್ತಾರೆ.

ಮಾಂಸದ ಬಗ್ಗೆ ದೊಡ್ಡ ಮಾತೇನೂ ಆಡುವುದಿಲ್ಲ. ಮೊದಲು ವಾರಕ್ಕೆರಡು ಸಲ ಕೋಳಿ, ಈಗ ಹದಿನೈದು ದಿನಕ್ಕೊಮ್ಮೆ, ನಡುವೆ ಮೊಟ್ಟೆ, ಬೂತಾಯಿ ಮೀನು ಅಗ್ಗಕ್ಕೆ ಸಿಕ್ಕರೆ ಬೂತಾಯಿ. ಕಮ್ಮಿ ಮಾಡಿದ್ದು ಭೂಮಿಗೋಸ್ಕರ ಅಲ್ಲ, ದುಡ್ಡಿಗೋಸ್ಕರ.

ಕಸ ತೂಗಿದ ಕಥೆ ಇದೆ. ಮಗಳ ಪ್ರಾಜೆಕ್ಟಿಗೆ ಅಂಕಿ ಬೇಕಿತ್ತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಲ್ಲಿ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕೆಜಿ ಆಹಾರ ಕಸಕ್ಕೆ ಹೋಗುತ್ತದೆ ಅಂತ ಅಂದಾಜು ಇದೆ, ಸಿಪ್ಪೆ ಗಿಪ್ಪೆ ಎಲ್ಲಾ ಸೇರಿ. ನಾಲ್ಕು ಜನಕ್ಕೆ ವಾರಕ್ಕೆ ನಾಲ್ಕು ಕೆಜಿ ಚಿಲ್ಲರೆ ಆಯಿತು. ನಮ್ಮನೆಯಲ್ಲಿ ಅಷ್ಟೆಲ್ಲ ಎಲ್ಲಿ ಅಂತ ನಾನು ಜಂಬ ಕೊಚ್ಚಿಕೊಂಡೆ. ಮಗಳು ಲಗೇಜ್ ತೂಗುವ ಕೊಕ್ಕೆ ತಕ್ಕಡಿಗೆ ಹಸಿ ಕಸದ ಚೀಲ ನೇತುಹಾಕಿ ಏಳು ದಿನ ಬರೆದಳು. 4 ಕೆಜಿ 600 ಗ್ರಾಂ. ಅದರಲ್ಲಿ ಮುಕ್ಕಾಲು ಕೆಜಿ ಫ್ರಿಜ್ಜಿನ ಕೆಳಗಿನ ಡಬ್ಬದಲ್ಲಿ ಕೊಳೆತ ಪಾಲಕ್, ಅರ್ಧ ಕೆಜಿಯಷ್ಟು ರಾತ್ರಿಯ ಅನ್ನ, ಉಳಿದದ್ದು ಸಿಪ್ಪೆ.

ಅನ್ನ ಉಳಿದರೆ ಚಿತ್ರಾನ್ನ ಇದ್ದೇ ಇದೆ. ಸಿಪ್ಪೆಯದ್ದು ಮಾತ್ರ ಅತ್ತೆಗೂ ಅಮ್ಮನಿಗೂ ಫೋನಿನಲ್ಲಿ ಪಂದ್ಯವೇ ನಡೆಯಿತು. ಹೀರೆಕಾಯಿ ಸಿಪ್ಪೆ ಚಟ್ನಿ ಇಬ್ಬರಿಗೂ ಗೊತ್ತು. ಅಮ್ಮ ಬಾಳೆಕಾಯಿ ಸಿಪ್ಪೆ ಪಲ್ಯ ಅಂದರು, ಕಲ್ಲಂಗಡಿಯ ಬಿಳಿ ಭಾಗ ರುಬ್ಬಿ ದೋಸೆ ಅಂದರು, ಹಲಸಿನ ಬೀಜಕ್ಕೆ ಕೆಮ್ಮಣ್ಣು ಬಳಿದು ಮಳೆಗಾಲಕ್ಕೆ ಎತ್ತಿಡುವುದನ್ನು ಹೇಳಿದರು. ಅತ್ತೆಯ ಹತ್ತಿರ ಹೂಕೋಸಿನ ದಂಟಿನ ಸಾರು, ಮೂಲಂಗಿ ಸೊಪ್ಪಿನ ಪಲ್ಯ ಇದ್ದವು. ಕೊನೆಗೆ ಅಮ್ಮನೇ ಗೆದ್ದರು ಅಂತ ನನ್ನ ತೀರ್ಪು, ಇದನ್ನು ಅತ್ತೆ ಮುಂದೆ ಹೇಳಿಲ್ಲ. ಎರಡು ತಿಂಗಳ ಮೇಲೆ ತೂಗಿದಾಗ 2 ಕೆಜಿ 300. ಡಿಸೆಂಬರ್, ಜನವರಿಯಲ್ಲಿ ಮಾತ್ರ ಈ ಲೆಕ್ಕ ಇಟ್ಟುಕೊಳ್ಳಬೇಡಿ. ಅವರೆಕಾಯಿ ಕಾಲ, ಸೊಗಡಿನ ವಾಸನೆ ಬಂದರೆ ನಾನು ಬಜೆಟ್ ಮರೆಯುತ್ತೇನೆ, ಸಿಪ್ಪೆಯೇ ಎರಡು ಚೀಲ ಆಗುತ್ತದೆ. ಅದನ್ನು ಹಿಂದಿನ ಬೀದಿಯ ಹಸುವಿನ ಮನೆಗೆ ಕೊಡುತ್ತೇವೆ.

ಎಲ್ಲವೂ ಸರಾಗವಾಗಿ ನಡೆಯಿತು ಅಂದುಕೊಳ್ಳಬೇಡಿ. ಒಟ್ಟಿಗೆ ತಂದರೆ ಅಗ್ಗ ಅಂತ ಯಶವಂತಪುರದಿಂದ ಹತ್ತು ಕೆಜಿ ತೊಗರಿಬೇಳೆ ತಂದೆ. ಅತ್ತೆ "ಬಿಸ್ಲಿಗೆ ಹಾಕ್ಬುಟ್ಟು, ಹರಳೆಣ್ಣೆ ಸವರಿ ಇಡವ್ವ, ಕೆಜಿಗೆ ನಾಕ್ ತೊಟ್ಟು ಸಾಕು" ಅಂದಿದ್ದರು. ನನಗೆ ಆಫೀಸಿನಲ್ಲಿ ಮಾರ್ಚ್ ಎಂಡಿಂಗ್ ಕೆಲಸ ಇನ್ನೂ ಮುಗಿದಿರಲಿಲ್ಲ, ಆಮೇಲೆ ಮಾಡೋಣ ಅಂತ ಹಾಗೇ ಬಿಟ್ಟೆ. ಎರಡು ತಿಂಗಳಿಗೆ ಡಬ್ಬ ತೆಗೆದರೆ ಬೇಳೆ ನಡೆದಾಡುತ್ತಿತ್ತು. ಖರ್ಚಾಗಿ ಮಿಕ್ಕಿದ್ದ ಆರು ಕೆಜಿಯಲ್ಲಿ ಜರಡಿ ಹಿಡಿದು, ಕೇರಿ, ಬಿಸಿಲಿಗೆ ಹಾಕಿ ಉಳಿಸಿಕೊಂಡದ್ದು ನಾಲ್ಕು.

ಆದರೆ ಈ ಬರಹ ಬರೆಯಬೇಕು ಅನಿಸಿದ್ದು ಅತ್ತೆ ಊರಿಗೆ ಹೋದಾಗ. ತಂಗಿಯ ಮಗಳ ಮದುವೆ, ಮುಗಿಸಿಕೊಂಡು ಬರಲು 22 ದಿನ. ಅವರು ಹೋಗುವ ಹೊತ್ತಿಗೆ ನಮ್ಮ ಖರ್ಚು ಐದು ತಿಂಗಳಿಂದ 7 ಸಾವಿರದ ಆಸುಪಾಸಿಗೆ ನಿಂತಿತ್ತು, ನಾನು ಆಫೀಸಿನಲ್ಲಿ ನಾಲ್ಕು ಜನಕ್ಕೆ ಉಪದೇಶವನ್ನೂ ಮಾಡಿಯಾಗಿತ್ತು. ಒಂದು ಊಟದ ತಟ್ಟೆ ಕಮ್ಮಿಯಾಯಿತಲ್ಲ, ಆ ಲೆಕ್ಕದಲ್ಲಿ 22 ದಿನಕ್ಕೆ 3,850 ರೂಪಾಯಿ ಸಾಕಾಗಬೇಕು. ಆದದ್ದು 6,240.

ಮೊದಲ ವಾರ ಹೇಗೋ ತಳ್ಳಿದೆ. ರಾತ್ರಿ ಎಂಟಕ್ಕೆ ಮನೆಗೆ ಬಂದು ಸೊಪ್ಪು ಬಿಡಿಸುವುದಕ್ಕೆ ಕೂತರೆ ಮುಕ್ಕಾಲು ಗಂಟೆ. ಕಾಳು ನೆನೆಹಾಕುವುದು ಮರೆತರೆ ಮಾರನೇ ದಿನದ ಅಡುಗೆಯೇ ಇಲ್ಲ. ಮುದ್ದೆ ತೊಳಸುವುದಕ್ಕೆ ನನ್ನ ಕೈಗೆ ಬಲ ಸಾಲುವುದಿಲ್ಲ, ಗಂಟು ಗಂಟು. ಎರಡನೇ ವಾರ ಮೂರು ಸಲ ಹೊರಗಿನಿಂದ ತರಿಸಿದೆವು. ದಂಟು ಕೊಳೆಯಿತು. ದೋಸೆ ಹಿಟ್ಟು ಪ್ಯಾಕೆಟ್ ಬಂತು. ಒಂದು ರಾತ್ರಿ ಮೂವರೂ ನೂಡಲ್ಸ್ ತಿನ್ನುತ್ತಾ ಕೂತಿದ್ದಾಗ ಮಗಳು ಗೋಡೆ ಮೇಲಿನ ತನ್ನ ಚಾರ್ಟನ್ನೇ ನೋಡುತ್ತಿದ್ದಳು, ಏನೂ ಹೇಳಲಿಲ್ಲ.

ಆ ರಾತ್ರಿ ಒಂದು ಲೆಕ್ಕ ಹಾಕಿದೆ. ನಾವು ತಿಂಗಳಿಗೆ ಉಳಿಸುತ್ತಿದ್ದದ್ದು 4 ಸಾವಿರ. ಅತ್ತೆ ಸೊಪ್ಪು ಬಿಡಿಸಿ, ಕಾಳು ಆರಿಸಿ, ರುಬ್ಬಿ, ಮುದ್ದೆ ತೊಳಸಿ, ಬೇಳೆ ಒಣಗಿಸಿ, ಎಲ್ಲ ಸೇರಿ ದಿನಕ್ಕೆ ನಾಲ್ಕು ಗಂಟೆ ಹಿಡಿಯೋಣ. ತಿಂಗಳಿಗೆ 120 ಗಂಟೆ. ಗಂಟೆಗೆ 33 ರೂಪಾಯಿ. ನಾನು ಬಜೆಟ್ ನಿಭಾಯಿಸಿದೆ ಅಂತ ಬೀಗುತ್ತಿದ್ದದ್ದು 68 ವರ್ಷದ ಹೆಂಗಸಿನ ಕೈಯಲ್ಲಿ ಗಂಟೆಗೆ 33 ರೂಪಾಯಿಗೆ ದುಡಿಸಿ, ಅದನ್ನೂ ಕೊಡದೆ. ನಮ್ಮ ಹಳೆಯ ಕಾಲದ ಊಟ ಎಷ್ಟು ಚಂದ, ಎಷ್ಟು ಆರೋಗ್ಯ, ಎಷ್ಟು ಅಗ್ಗ ಅಂತ ಬರೆಯುವವರು ಬಹಳ ಜನ ಇದ್ದಾರೆ. ಅದು ಅಗ್ಗವಾಗಿದ್ದದ್ದು ಯಾಕೆ ಅಂತ ನನಗೆ ಆವತ್ತು ಗೊತ್ತಾಯಿತು. ಕೂಲಿ ಬರೆಯದೆ ಬಿಟ್ಟ ಲೆಕ್ಕ ಅದು. ನಮ್ಮ ಆಫೀಸಿನಲ್ಲಿ ಹೀಗೆ ಬರೆದರೆ ಆಡಿಟರ್ ಪುಸ್ತಕವನ್ನು ಮುಖಕ್ಕೆ ಎಸೆಯುತ್ತಾರೆ.

ಮಾರನೇ ದಿನವೇ ಇವರನ್ನು ಕೂರಿಸಿ ಲೆಕ್ಕ ತೋರಿಸಿದೆ. ಓವರ್‌ಟೈಮ್ ಇಲ್ಲ ಅಂದ ಮೇಲೆ ಆರು ಗಂಟೆಗೆ ಮನೆಯಲ್ಲೇ ಇರುತ್ತೀರಲ್ಲ, ಸೊಪ್ಪು ನಿಮ್ಮದು ಅಂದೆ. ಮೊದಲೆರಡು ದಿನ ಕಡ್ಡಿಯನ್ನೆಲ್ಲ ಪಾತ್ರೆಗೆ, ಎಲೆಯನ್ನೆಲ್ಲ ಕಸಕ್ಕೆ ಹಾಕಿದರು, ಬೇಕಂತಲೇ ಮಾಡಿದ್ದು ಅಂತ ನನ್ನ ಅನುಮಾನ. ನಾನು ಬಿಡಲಿಲ್ಲ. ಮಗಳಿಗೆ ರಾತ್ರಿ ಮಲಗುವ ಮುಂಚೆ ಕಾಳು ನೆನೆಹಾಕುವ ಕೆಲಸ, ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದಾಳೆ. ನಾನು ಭಾನುವಾರ ದೊಡ್ಡ ಪಾತ್ರೆಯಲ್ಲಿ ಹುರುಳಿ ಕಟ್ಟಿನ ಸಾರು ಮಾಡುತ್ತೇನೆ, ಅದು ಕುದ್ದಷ್ಟೂ ರುಚಿ, ಮೂರು ದಿನ ಬರುತ್ತದೆ. ಮುದ್ದೆ ದಿನಾ ಅಲ್ಲ, ವಾರಕ್ಕೆ ನಾಲ್ಕು ರಾತ್ರಿ, ಕೋಲು ಹಿಡಿಯುವುದು ಇವರು. ಖರ್ಚು ಈಗ 7 ಸಾವಿರಕ್ಕೆ ನಿಲ್ಲುತ್ತಿಲ್ಲ, ಏಳೂವರೆ, ಒಮ್ಮೊಮ್ಮೆ ಎಂಟು. ಇರಲಿ.

ಅತ್ತೆ ವಾಪಸ್ ಬಂದ ದಿನ ಬ್ಯಾಗು ಇಳಿಸಿದವರೇ ಅಡುಗೆಮನೆಗೆ ಹೋದರು, ತಪಾಸಣೆಗೆ ಬಂದ ಅಧಿಕಾರಿ ಥರ. ಫ್ರಿಜ್ ನೋಡಿದರು, ರಾಗಿ ಹಿಟ್ಟಿನ ಡಬ್ಬ ತಟ್ಟಿದರು. ತೊಗರಿಬೇಳೆ ಡಬ್ಬದ ಮುಚ್ಚಳ ತೆಗೆದು ಮೂಗಿನ ಹತ್ತಿರ ತಂದವರು ಹಾಗೇ ನಿಂತರು. ಬೆರಳು ಹಾಕಿ ತೆಗೆದರೆ ಬೆರಳಿಗೆ ಬೇಳೆಯೆಲ್ಲ ಅಂಟಿಕೊಂಡು ಬಂತು.

"ಯಾರವ್ವ ಬೇಳೆಗೆ ಎಣ್ಣೆಸ್ನಾನ ಮಾಡ್ಸಿರೋದು?"

ನಾನೂ ಮಗಳೂ ಹಾಲಿನ ಕಡೆ ನೋಡಿದೆವು. ಇವರು ಟಿವಿ ಮುಂದೆ ಮೊರ ಇಟ್ಟುಕೊಂಡು ಸಬ್ಬಸಿಗೆ ಬಿಡಿಸುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ.